ನಾಯಿ ನಮ್ಮದು, ಕಕ್ಕ ಯಾರದು?



ನಾನೊಬ್ಬ ಸಾಫ್ಟ್‌ವೇರ್ ಇಂಜಿನಿಯರ್. ಊರು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. ಎಂಟೆಕ್ ಮುಗಿಸಿ ಪುಣೆಗೆ ಬಂದು ಒಂಬತ್ತು ವರ್ಷ ಆಯ್ತು. ವಾಕಡ್‌ನಲ್ಲಿ ಮನೆ, ಹಿಂಜವಡಿಯಲ್ಲಿ ಕೆಲಸ. ಈ ಚಾನೆಲ್‌ನವರು ಮಾತಾಡೋಕೆ ಕರೆದಾಗ ನಾನು ಕ್ಲೌಡ್ ಬಗ್ಗೆನೋ ಎಐ ಬಗ್ಗೆನೋ ಮಾತಾಡ್ತೀನಿ ಅಂದ್ಕೊಂಡಿದ್ರು. "ನಾಯಿ ಕಕ್ಕದ ಬಗ್ಗೆ ಮಾತಾಡ್ತೀನಿ" ಅಂದೆ. ಫೋನಲ್ಲಿ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ "ಸರಿ ಸರ್, ಮಾತಾಡಿ" ಅಂದ್ರು. ಅವರಿಗೆ ಥ್ಯಾಂಕ್ಸ್.

ಮೊದಲು ಪದದ ವಿಷಯ ಮುಗಿಸಿಬಿಡೋಣ. ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ 'ಪೂಪ್' ಅಂತಾರೆ, 'ಪಾಟಿ' ಅಂತಾರೆ. ಕನ್ನಡದಲ್ಲಿ ಇದಕ್ಕಿರೋ ನೇರವಾದ ಪದ ಕ್ಯಾಮೆರಾ ಮುಂದೆ ಹೇಳೋಕೆ ಮುಜುಗರ. 'ಮಲ' ಅಂದ್ರೆ ಲ್ಯಾಬ್ ರಿಪೋರ್ಟ್ ಓದಿದ ಹಾಗಾಗುತ್ತೆ. ಅದಕ್ಕೆ ಮಕ್ಕಳ ಮಾತಿನ 'ಕಕ್ಕ' ಇವತ್ತಿಗೆ ಸಾಕು.

ನಮ್ಮ ಮನೆಯಲ್ಲಿ ಒಂದು ನಾಯಿ ಇದೆ. ಹೆಸರು ಚುಕ್ಕಿ. ಬೀದಿಯಿಂದ ಬಂದ ಹೆಣ್ಣು ನಾಯಿ. ನಾಲ್ಕು ವರ್ಷದ ಹಿಂದೆ ಒಂದು ಮಳೆಗಾಲದಲ್ಲಿ ನಮ್ಮ ಪಾರ್ಕಿಂಗ್‌ನಲ್ಲಿ ನಡುಗ್ತಾ ಕೂತಿದ್ದ ಮರಿ. ನಾನೂ ನನ್ನ ಹೆಂಡತಿಯೂ ಮೇಲೆ ತಂದ್ವಿ, ಅಲ್ಲೇ ಉಳ್ಕೊಂಡ್ಲು. ಅವಳ ಹತ್ತಿರ ನಾವು ಕನ್ನಡದಲ್ಲೇ ಮಾತಾಡೋದು. ಕೂರು, ಬಾ, ಬೇಡ, ಸುಮ್ನಿರು. ಆಫೀಸಲ್ಲಿ ಇಂಗ್ಲಿಷು, ಲಿಫ್ಟಲ್ಲಿ ಹಿಂದಿ, ತರಕಾರಿ ಅಂಗಡಿಯಲ್ಲಿ ಹರಕುಮುರುಕು ಮರಾಠಿ. ದಿನದಲ್ಲಿ ಬಾಯ್ತುಂಬ ಕನ್ನಡ ಬರೋದು ಬೆಳಿಗ್ಗೆ ಆರು ಗಂಟೆಗೆ ನಾಯಿ ಜೊತೆ ನಡೆಯುವಾಗ, ಮತ್ತೆ ಅದೇ ಹೊತ್ತಿಗೆ ಅಮ್ಮನಿಗೆ ಫೋನ್ ಮಾಡುವಾಗ. ಈ ಕನ್ನಡದ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಊರಲ್ಲೂ ನಮ್ಮ ಮನೆಯಲ್ಲಿ ಯಾವತ್ತೂ ನಾಯಿ ಇತ್ತು. ಅದು ಎಲ್ಲಿ ಕಕ್ಕ ಮಾಡುತ್ತೆ ಅಂತ ನಾನು ಒಂದು ದಿನವೂ ಯೋಚನೆ ಮಾಡಿರಲಿಲ್ಲ. ತೋಟದ ಮೂಲೆಗೆ ಹೋಗ್ತಿತ್ತು, ಬರ್ತಿತ್ತು. ಎರಡು ಮಳೆ ಬಿದ್ರೆ ಏನೂ ಉಳೀತಿರಲಿಲ್ಲ. ನಮ್ಮಲ್ಲಿ ತುಂಬಾ ಜನರ ಕಥೆ ಇದೇ. ಊರಿನ ನಾಯಿಗೆ ಇಡೀ ಊರೇ ಇತ್ತು. ಇಲ್ಲಿ ಅದಕ್ಕಿರೋದು ಒಂಬೈನೂರು ಚದರಡಿ ಫ್ಲಾಟು, ಕೆಳಗೆ ಪೇವರ್ ಕಲ್ಲು ಹಾಕಿದ ದಾರಿ, ಗೇಟಿನಾಚೆ ಫುಟ್‌ಪಾತು. ನಾಯಿಯನ್ನ ಊರಿಂದ ತಂದಷ್ಟೇ ಸುಲಭವಾಗಿ ಆ ಅಭ್ಯಾಸವನ್ನೂ ತಂದ್ವಿ.

ಹಾಗಾಗಿ ಮೊದಲ ಎರಡು ವರ್ಷ ನಾನು ಎತ್ತುತ್ತಿರಲಿಲ್ಲ. ಇದನ್ನ ಒಪ್ಪಿಕೊಳ್ಳೋಕೆ ನಾಚಿಕೆ ಆಗುತ್ತೆ, ಆದರೂ ಹೇಳ್ತೀನಿ. ಚುಕ್ಕಿ ಗಿಡದ ಹತ್ತಿರ ಮಾಡಿದ್ರೆ "ಗೊಬ್ಬರ ಆಯ್ತು" ಅಂದ್ಕೋತಿದ್ದೆ. ದಾರಿ ಮಧ್ಯ ಮಾಡಿದ್ರೆ ಸುತ್ತ ನೋಡಿ, ಯಾರೂ ಇಲ್ಲದಿದ್ರೆ ಮೊಬೈಲ್ ನೋಡಿಕೊಂಡು ಮುಂದೆ ಹೋಗ್ತಿದ್ದೆ.

ಒಂದು ದಿನ ಗುಂಪಿನಲ್ಲಿ ಫೋಟೋ ಬಂತು. ಆಟದ ಮೈದಾನದ ಪಕ್ಕ ಬಿದ್ದಿದ್ದ ಕಕ್ಕ, ಕ್ಲೋಸಪ್. ಬೆಳಿಗ್ಗೆ ತಿಂಡಿ ತಿನ್ನೋ ಹೊತ್ತಿಗೆ. ಯಾರ ನಾಯಿಯದು ಅಂತ ವಿಚಾರಣೆ ಶುರು. ಗಾತ್ರ ನೋಡಿ ಲ್ಯಾಬ್ರಡಾರ್‌ದು ಅಂದವರಿದ್ರು, ಬಣ್ಣ ನೋಡಿ ಊಟ ಏನು ಅಂತ ಹೇಳಿದವರಿದ್ರು. ಸಂಜೆ ಸೆಕ್ರೆಟರಿಯವರು ನೋಟಿಸ್ ಹಾಕಿದ್ರು. ಇನ್ನು ಮುಂದೆ ಎತ್ತದಿದ್ರೆ 500 ರೂಪಾಯಿ ದಂಡ, ನಾಯಿಗಳು ಲಿಫ್ಟಲ್ಲಿ ಬರೋ ಹಾಗಿಲ್ಲ.

ನನಗೆ ಸಿಟ್ಟು ಬಂತು. ಡಾಕ್ಯುಮೆಂಟೇಶನ್ ಓದೋದು ನಮ್ಮ ಕಸುಬು ತಾನೇ, ರಾತ್ರಿ ಕೂತು ಹುಡುಕಿದೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಸಾಕುನಾಯಿ, ಬೀದಿನಾಯಿ ಮತ್ತು ಅಪಾರ್ಟ್‌ಮೆಂಟ್ ಸಂಘಗಳ ಬಗ್ಗೆ ಒಂದು ಮಾರ್ಗಸೂಚಿ ಹೊರಡಿಸಿದೆ. ಸಂಘಗಳು ನಾಯಿ ಸಾಕೋದನ್ನ ನಿಷೇಧಿಸೋ ಹಾಗಿಲ್ಲ, ಲಿಫ್ಟ್ ಬಳಸಬೇಡಿ ಅನ್ನೋ ಹಾಗಿಲ್ಲ. ಕಕ್ಕ ಎತ್ತದಿದ್ದಕ್ಕೆ ಸಂಘ ತಾನೇ ದಂಡ ಹಾಕೋ ಹಾಗೂ ಇಲ್ಲ, ಎತ್ತಿ ಅಂತ ವಿನಂತಿ ಮಾಡಬಹುದು ಅಷ್ಟೇ ಅಂತ ಅದರಲ್ಲಿದೆ. ಆ ಪ್ಯಾರಾವನ್ನ ಹಳದಿ ಬಣ್ಣ ಬಳಿದು ಗುಂಪಿಗೆ ಹಾಕಿದೆ. ಜೊತೆಗೆ ಸಂವಿಧಾನದ 51ಎ(ಜಿ), ಜೀವಿಗಳ ಮೇಲೆ ಅನುಕಂಪ ಇರಬೇಕು ಅನ್ನೋ ಮೂಲಭೂತ ಕರ್ತವ್ಯ, ಅದನ್ನೂ ಹಾಕಿದೆ. ಇಪ್ಪತ್ತೆರಡು ಲೈಕ್ ಬಂತು. ನೋಟಿಸ್ ವಾಪಸ್ ಹೋಯ್ತು. ಗೆದ್ದೆ.

ಅದೇ ಪ್ಯಾರಾದಲ್ಲಿ ನಾಯಿ ಸಾಕಿದವರು ಎತ್ತಬೇಕು ಅನ್ನೋ ಸಲಹೆಯೂ ಇತ್ತು. ಅದಕ್ಕೆ ನಾನು ಹಳದಿ ಬಳಿದಿರಲಿಲ್ಲ.

ಅಂದ ಹಾಗೆ, ಸಂಘ ಬೇರೆ, ಮಹಾನಗರಪಾಲಿಕೆ ಬೇರೆ. ಪಾಲಿಕೆಗೆ ದಂಡ ಹಾಕೋ ಅಧಿಕಾರ ಇದೆ. ಮುಂಬೈ ಪಾಲಿಕೆಯ 2006ರ ಸ್ವಚ್ಛತಾ ಉಪವಿಧಿಗಳಲ್ಲೇ ಸಾಕುಪ್ರಾಣಿ ರಸ್ತೆಯಲ್ಲಿ ಗಲೀಜು ಮಾಡಿದ್ರೆ 500 ರೂಪಾಯಿ ದಂಡ ಅಂತಿತ್ತು. ಆದ್ದರಿಂದ ಗೇಟಿನ ಒಳಗಿನ ವಾದವನ್ನ ಗೇಟಿನ ಹೊರಗೆ ತಗೊಂಡು ಹೋಗಬೇಡಿ.

ಗೆದ್ದು ಎರಡು ದಿನ ಆಗಿತ್ತು. ಬೆಳಿಗ್ಗೆ ಆರು ಗಂಟೆ. ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಚುಕ್ಕಿ ಬಿ ವಿಂಗ್ ಹಿಂದೆ ದಾರಿ ಮೇಲೆ ಕೂತ್ಲು. ನಾನು ಅಮ್ಮನ ಜೊತೆ ಫೋನಲ್ಲಿದ್ದೆ. ಅಮ್ಮ ಕೇಳಿದ್ರು, "ಅದು ಮಾಡಿದ್ದನ್ನ ಅಲ್ಲಿ ಯಾರು ತೆಗೀತಾರೋ?" ನಾನಂದೆ, "ಕಸ ಗುಡಿಸೋರು ಇದ್ದಾರಲ್ಲಮ್ಮ. ಅವರ ಕೆಲಸಾನೇ ಅದು. ತಿಂಗಳು ತಿಂಗಳು ಮೆಂಟೆನೆನ್ಸ್ ಕೊಡಲ್ವಾ?" ಫೋನ್ ಇಟ್ಟು "ಬಾ ಚುಕ್ಕಿ, ಹೋಗೋಣ" ಅಂತ ಎಳೆದೆ.

ಹಿಂದೆ ಗೋಡೆ ಪಕ್ಕ ಒಬ್ಬ ಹೆಂಗಸು ಪೊರಕೆ ಹಿಡಿದು ನಿಂತಿದ್ರು. ಹೌಸ್‌ಕೀಪಿಂಗ್‌ನವರು, ನೀಲಿ ಕೋಟು. ದಿನಾ ನೋಡ್ತಿದ್ದ ಮುಖ. ಅವರು ಮೆಲ್ಲಗೆ ಹೇಳಿದ್ರು:

"ನಿಮ್ಮ ನಾಯಿಗಿ ಕನ್ನಡ ಬರ್ತದ. ನನಗೂ ಬರ್ತದರಿ ಅಣ್ಣಾರ."

ಬೈದಿರಲಿಲ್ಲ. ದನಿ ಏರಿಸಿರಲಿಲ್ಲ. ನನಗೆ ಮಾತ್ರ ಎಲ್ಲಿ ನೋಡಬೇಕು ಅಂತ ಗೊತ್ತಾಗಲಿಲ್ಲ. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಅವರ ಮುಂದೆಯೇ ಕನ್ನಡದಲ್ಲಿ ಮಾತಾಡಿಕೊಂಡು ಓಡಾಡಿದ್ದೀನಿ. ಇಲ್ಲಿ ಯಾರಿಗೂ ಅರ್ಥ ಆಗಲ್ಲ ಅನ್ನೋ ಧೈರ್ಯದಲ್ಲಿ. ನಾಯಿ ಜೊತೆ ಮಾತಾಡಿದ್ದೀನಿ. ಅವರ ಜೊತೆ ಒಂದು ದಿನವೂ ಮಾತಾಡಿರಲಿಲ್ಲ.

ಅವತ್ತು ಮಾತಾಡಿಸಿದೆ. ಅವರು ಕಲಬುರಗಿ ಜಿಲ್ಲೆ ಅಫಜಲಪುರ ತಾಲ್ಲೂಕಿನವರು. ಗಂಡ ಕಟ್ಟಡದ ಕೆಲಸಕ್ಕೆ ಅಂತ ಪುಣೆಗೆ ಬಂದವರು. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಹೀಗೆ ಪುಣೆ ಮುಂಬೈಗೆ ಬಂದು ದುಡಿಯೋ ಜನ ತುಂಬಾ ಇದ್ದಾರೆ. ನಾವು 'ಪುಣೆ ಕನ್ನಡಿಗರು' ಅಂತ ರಾಜ್ಯೋತ್ಸವ ಮಾಡುವಾಗ ನಮ್ಮ ಲೆಕ್ಕದಲ್ಲಿ ಅವರು ಇರಲ್ಲ, ಅಷ್ಟೇ.

"ಇದನ್ನ ಹೇಗೆ ತೆಗೀತೀರಿ?" ಅಂತ ಕೇಳಿದೆ. ಹೇಳಿದ್ರು. ಗುಡಿಸಿದ್ರೆ ಹೋಗಲ್ಲ, ಕಲ್ಲಿಗೆ ಬಳಿದುಕೊಳ್ಳುತ್ತೆ. ಪೊರಕೆಗೆ ಹತ್ತಿದ್ರೆ ಇಡೀ ದಿನ ಅದೇ ಪೊರಕೆ. ಅದಕ್ಕೆ ರಟ್ಟಿನ ಚೂರಲ್ಲೋ ಎಲೆಯಲ್ಲೋ ಎತ್ತೋದು. ಕೈಗವಸು ಕೊಡ್ತಾರೆ, ಬೇಗ ಹರಿದುಹೋಗುತ್ತೆ, ಹೊಸದು ಬರೋಕೆ ತಡ. ಕೈ ತೊಳೆಯೋಕೆ ಬೇಸ್‌ಮೆಂಟಿನ ನಲ್ಲಿಗೆ ಹೋಗಬೇಕು. ಹತ್ತು ಗಂಟೆಗೆ ಅದೇ ಕೈಯಲ್ಲಿ ರೊಟ್ಟಿ ತಿನ್ನಬೇಕು. "ಒಂದು ಎರಡು ಇದ್ರ ನಡೀತಿತ್ರಿ" ಅಂದ್ರು.

ಮನೆಗೆ ಬಂದು ಲೆಕ್ಕ ಹಾಕಿದೆ. ನಮ್ಮ ಸೊಸೈಟಿಯಲ್ಲಿ ಸುಮಾರು 40 ನಾಯಿಗಳಿವೆ. ದಿನಕ್ಕೆ ಎರಡು ಸಲ ಅಂದ್ರೆ 80. ಹೊರಗಿನ ದಾರಿ ಗುಡಿಸೋರು ನಾಲ್ಕು ಜನ. ಯಾರೂ ಎತ್ತದಿದ್ರೆ ಒಬ್ಬೊಬ್ಬರ ಪಾಲಿಗೆ ದಿನಕ್ಕೆ 20, ತಿಂಗಳಿಗೆ 600. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಕ್ಲೈಂಟ್ ಕಡೆಯಿಂದ ನೋಡಿದ್ರೆ ಒಂದೇ ಒಂದು ರಿಕ್ವೆಸ್ಟು. ಸರ್ವರ್ ಕಡೆಯಿಂದ ನೋಡಿದಾಗಲೇ ಲೋಡ್ ಗೊತ್ತಾಗೋದು. ನಾನು ಯಾವತ್ತೂ ಕ್ಲೈಂಟ್ ಕಡೆಯಿಂದಲೇ ನೋಡಿದ್ದೆ.

ಇದು ಬರೀ ಅಸಹ್ಯದ ಮಾತಾದ್ರೆ ಇಷ್ಟು ಹೊತ್ತು ಕೊರೀತಿರಲಿಲ್ಲ. ನಾಯಿಯ ಹೊಟ್ಟೆಯಲ್ಲಿ ಟೊಕ್ಸೊಕಾರಾ ಅನ್ನೋ ದುಂಡುಹುಳು ಇರಬಹುದು. ಅದರ ಮೊಟ್ಟೆ ಕಕ್ಕದಲ್ಲಿ ಹೊರಗೆ ಬರುತ್ತೆ. ಹೊಸದಾಗಿದ್ದಾಗ ಅದು ಸೋಂಕು ತರಲ್ಲ. ಮಣ್ಣಲ್ಲಿ ಎರಡರಿಂದ ನಾಲ್ಕು ವಾರ ಇದ್ದಮೇಲೆ ತರುತ್ತೆ, ಆಮೇಲೆ ವರ್ಷಗಟ್ಟಲೆ ಬದುಕಬಲ್ಲದು. ಅಂದ್ರೆ ಕಣ್ಣಿಗೆ ಕಾಣೋ ಕಕ್ಕ ಮಾಯ ಆದಮೇಲೆ ಅಪಾಯ ಶುರು. ಅದೇ ಮಣ್ಣಲ್ಲಿ ಆಡಿದ ಮಗು ಕೈ ಬಾಯಿಗೆ ಹಾಕಿಕೊಂಡ್ರೆ ಹುಳು ಒಳಗೆ ಹೋಗುತ್ತೆ, ಕೆಲವು ಸಲ ಕಣ್ಣಿಗೂ ತೊಂದರೆ ಮಾಡುತ್ತೆ. ಇನ್ನೊಂದು ಕೊಕ್ಕೆಹುಳು. ಅದರ ಮರಿಗಳು ಬರಿಗಾಲಿನ ಚರ್ಮದ ಮೂಲಕವೇ ಒಳಗೆ ಹೋಗುತ್ತವೆ. ಬರಿಗಾಲಲ್ಲಿ ಇರೋರು ಯಾರು ಅಂತ ಯೋಚನೆ ಮಾಡಿ. ಮಕ್ಕಳು, ಮಾಲಿಗಳು, ಕಟ್ಟಡದ ಕೆಲಸದವರು. ನಾಯಿಗಳಿಗೂ ಅಪಾಯ ಇದೆ. ಮರಿಗಳನ್ನ ಕೊಲ್ಲೋ ಪಾರ್ವೊ ವೈರಸ್ ಕಕ್ಕದಿಂದಲೇ ಹರಡೋದು, ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ. ಮಳೆಗಾಲದಲ್ಲಿ ಇದೆಲ್ಲ ಮಳೆನೀರಿನ ಚರಂಡಿಗೆ ಹೋಗಿ, ಶುದ್ಧೀಕರಣ ಗಿದ್ಧೀಕರಣ ಏನೂ ಇಲ್ಲದೆ ಮುಳಾ ನದಿ ಸೇರುತ್ತೆ. "ಗೊಬ್ಬರ ಆಯ್ತು" ಅನ್ನೋ ನನ್ನ ಸಮಾಧಾನ ಅಲ್ಲಿಗೆ ಮುಗೀತು. ಹುಲ್ಲು ತಿನ್ನೋ ಹಸುವಿನ ಸಗಣಿಯ ಲೆಕ್ಕವನ್ನ ಮಾಂಸ ತಿನ್ನೋ ನಾಯಿಗೆ ಹಾಕೋಕೆ ಬರಲ್ಲ.

ಈಗ ಸ್ನೇಹಿತರು ಹೇಳೋ ಮೂರು ಮಾತುಗಳಿಗೆ ಬರ್ತೀನಿ. ಮೂರನ್ನೂ ಒಂದು ಕಾಲದಲ್ಲಿ ನಾನೇ ಹೇಳಿದ್ದೀನಿ.

ಒಂದು, "ಬೀದಿನಾಯಿಗಳು ಮಾಡಲ್ವಾ? ನಮ್ಮದೊಂದೇ ಯಾಕೆ ಕಾಣುತ್ತೆ?" ಮಾಡ್ತಾವೆ, ನಿಜ. ಪ್ರೊಡಕ್ಷನ್‌ನಲ್ಲಿ ಆಗಲೇ ನೂರು ಬಗ್ ಇದೆ ಅಂತ ಯಾರಾದ್ರೂ ನೂರಾ ಒಂದನೇದನ್ನ ಗೊತ್ತಿದ್ದೂ ಗೊತ್ತಿದ್ದೂ ಹಾಕ್ತಾರಾ? ಬೀದಿನಾಯಿಯ ಹಗ್ಗ ಯಾರ ಕೈಯಲ್ಲೂ ಇಲ್ಲ. ಚುಕ್ಕಿಯ ಹಗ್ಗ ನನ್ನ ಕೈಯಲ್ಲಿದೆ.

ಎರಡು, "ವಿದೇಶದಲ್ಲಿ ಜನಕ್ಕೆ ಹುಟ್ಟಿನಿಂದ ಶಿಸ್ತು ಇರುತ್ತೆ, ನಮ್ಮಲ್ಲಿ ಆಗಲ್ಲ ಬಿಡಿ." ನ್ಯೂಯಾರ್ಕ್‌ನಲ್ಲಿ ನಾಯಿ ಕಕ್ಕ ಎತ್ತಲೇಬೇಕು ಅನ್ನೋ ಕಾನೂನು ಜಾರಿಗೆ ಬಂದಿದ್ದು 1978ರ ಆಗಸ್ಟ್‌ನಲ್ಲಿ. ಅಂದ್ರೆ ನನ್ನ ಅಪ್ಪ ಕಾಲೇಜಿಗೆ ಹೋಗ್ತಿದ್ದ ಕಾಲದವರೆಗೂ ಅಲ್ಲಿಯವರಿಗೂ ಹೇಳಿ ಮಾಡಿಸಬೇಕಿತ್ತು. ಕಲಿತರು. ನಾವು ಆನ್‌ಸೈಟ್ ಹೋದ ಮೊದಲ ವಾರದಲ್ಲೇ ಅಲ್ಲಿನ ರೂಢಿ ಕಲೀತೀವಿ. ಅದೇ ಮನುಷ್ಯ ವಿಮಾನ ಇಳಿದು ವಾಕಡ್‌ಗೆ ಬಂದ ತಕ್ಷಣ ಮರೀತಾನೆ.

ಮೂರನೆಯದು, "ಮೆಂಟೆನೆನ್ಸ್ ಕೊಡ್ತೀವಲ್ಲ." ಇದು ನನ್ನದೇ ಮಾತು, ಅದಕ್ಕೆ ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ.

ದುಡ್ಡು ಕೊಟ್ರೆ ಯಾರೋ ಎತ್ತುತ್ತಾರೆ ಅನ್ನೋದರ ಹಿಂದೆ ಇನ್ನೊಂದು ಮಾತು ಅಡಗಿದೆ. ಅದನ್ನ ಎತ್ತೋದು ಕೆಲವರ ಕೆಲಸ, ನಮ್ಮದಲ್ಲ ಅಂತ. ಆ 'ಕೆಲವರು' ಯಾರು ಅಂತ ನಮ್ಮ ದೇಶದಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಎಪ್ಪತ್ತರ ದಶಕದಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ತಲೆ ಮೇಲೆ ಮಲ ಹೊರೋ ಪದ್ಧತಿಯನ್ನ ನಿಷೇಧಿಸಿದ್ರು. ಕೇಂದ್ರ ಮಟ್ಟದಲ್ಲಿ 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೂ ಬಿಗಿಯಾದ ಕಾಯ್ದೆ ಬಂತು. ಅವು ಮನುಷ್ಯರ ಮಲದ ಬಗ್ಗೆ, ನಾಯಿಯದು ಅದರಲ್ಲಿ ಬರಲ್ಲ. ಎರಡೂ ಒಂದೇ ಅಂತಲೂ ನಾನು ಹೇಳಲ್ಲ. ಆದರೆ ನನ್ನ ಮುದ್ದಿನ ನಾಯಿಯ ಕಕ್ಕವನ್ನ ಇನ್ನೊಬ್ಬರು ರಟ್ಟಿನ ಚೂರಲ್ಲಿ ಎತ್ತಲಿ ಅಂತ ಬಿಟ್ಟು ಹೋಗುವಾಗ ನನ್ನೊಳಗೆ ಕೆಲಸ ಮಾಡ್ತಿದ್ದದ್ದು ಅದೇ ಹಳೇ ಬುದ್ಧಿ. ಅದನ್ನ ನಾನು 'ಮೆಂಟೆನೆನ್ಸ್' ಅಂತ ಕರೀತಿದ್ದೆ.

ಆಮೇಲೊಮ್ಮೆ ಅಪ್ಪ ಪುಣೆಗೆ ಬಂದಿದ್ರು. ನಾನು ಬಗ್ಗಿ ಎತ್ತೋದನ್ನ ನೋಡಿ ಅವರ ಮುಖ ಸಣ್ಣದಾಯ್ತು. "ಎಂಟೆಕ್ ಮಾಡಿ ಇದನ್ನ ಬಳಿಯೋಕೆ ಬಂದ್ಯೇನೋ?" ಅಂದ್ರು. ಅಪ್ಪ ಜೀವನಪೂರ್ತಿ ಕೊಟ್ಟಿಗೆಯಲ್ಲಿ ಸಗಣಿ ಬಾಚಿದವರು, ಗಲೀಜು ಅಂದ್ರೆ ಹೆದರೋ ಮನುಷ್ಯ ಅಲ್ಲವೇ ಅಲ್ಲ. ನಾನಂದೆ, "ಅಪ್ಪ, ನಾನು ಬಿಟ್ರೆ ಅಫಜಲಪುರದ ಆ ಅಕ್ಕ ಎತ್ತಬೇಕು." ಅವರು ಏನೂ ಹೇಳಲಿಲ್ಲ. ಇವತ್ತಿಗೂ ಒಪ್ಪಿದ್ದಾರೆ ಅಂತ ನನಗೆ ಅನ್ನಿಸಲ್ಲ. ಆದರೆ ಹೊರಡುವಾಗ "ಪೇಪರ್ ತಗೊಂಡ್ಯಾ?" ಅಂತ ಅವರೇ ಕೇಳ್ತಿದ್ರು.

ಸರಿ, ಹೇಗೆ ಮಾಡೋದು? ನಾಲ್ಕು ವರ್ಷದ ಅನುಭವದಲ್ಲಿ ಕಲಿತದ್ದು ಹೇಳ್ತೀನಿ.

ನಾಯಿಗೆ ಊಟದ ಹೊತ್ತು ನಿಗದಿ ಮಾಡಿ. ಊಟ ನಿಗದಿಯಾದ್ರೆ ಕಕ್ಕದ ಹೊತ್ತೂ ನಿಗದಿಯಾಗುತ್ತೆ. ಸುತ್ತು ಹೊಡೆದು ಮೂಸೋಕೆ ಶುರು ಮಾಡಿದ್ರೆ ಅದೇ ಸೂಚನೆ. ನಾಯಿಗಳು ಕಕ್ಕ ಮಾಡುವಾಗ ಭೂಮಿಯ ಉತ್ತರ ದಕ್ಷಿಣ ಕಾಂತರೇಖೆಗೆ ಸರಿಯಾಗಿ ನಿಲ್ಲೋಕೆ ಇಷ್ಟಪಡ್ತಾವೆ ಅಂತ 70 ನಾಯಿಗಳನ್ನ ನೋಡಿ ಬರೆದ ಒಂದು ಸಂಶೋಧನೆಗೆ 2014ರಲ್ಲಿ ಇಗ್ ನೊಬೆಲ್ ಬಹುಮಾನ ಬಂದಿದೆ. ಚುಕ್ಕಿಯನ್ನ ದಿಕ್ಸೂಚಿ ಇಟ್ಟು ನೋಡಿದೆ. ಅವಳಿಗೆ ಆ ಪೇಪರ್ ಓದಿ ಗೊತ್ತಿಲ್ಲ. ಏನೇ ಇರಲಿ, ಮಧ್ಯದಲ್ಲಿ ಹಗ್ಗ ಎಳೀಬೇಡಿ. ದಾರಿಯಿಂದ ಬದಿಗೆ ಕರ್ಕೊಂಡು ಹೋಗೋದಿದ್ರೆ ಮೂಸುವಾಗಲೇ ಹೋಗಿ.

ಹಳೇ ನ್ಯೂಸ್‌ಪೇಪರ್ ಸಾಕು. ಅಭ್ಯಾಸ ಆದಮೇಲೆ ನಾಯಿ ಕೂತ ತಕ್ಷಣ ಹಿಂದೆ ಒಂದು ಹಾಳೆ ಜಾರಿಸಬಹುದು, ನೆಲಕ್ಕೆ ತಾಗೋದೇ ಇಲ್ಲ. ಇಲ್ಲದಿದ್ರೆ ಚೀಲವನ್ನ ಕೈಗೆ ಗವಸಿನ ಹಾಗೆ ಹಾಕಿ, ಎತ್ತಿ, ಒಳಗಿನದನ್ನ ಹೊರಗೆ ತಿರುವಿ ಗಂಟು ಹಾಕಿ. ಹೊಟ್ಟೆ ಕೆಟ್ಟಿದ್ರೆ ಮೇಲೆ ಒಂದು ಹಿಡಿ ಮಣ್ಣು ಉದುರಿಸಿ, ರಟ್ಟಿನಿಂದ ಕೆರೆದು ತೆಗೀರಿ, ನೀರು ಹಾಕಿ.

ಎತ್ತಿದ ಮೇಲೆ ಎಲ್ಲಿ ಹಾಕೋದು? ಇದರಲ್ಲೇ ತುಂಬಾ ಜನ ಎಡವೋದು. ಗಂಟು ಹಾಕಿದ ಚೀಲವನ್ನ ಪೊದೆಗೆ ಎಸೆದ್ರೆ ಮೊದಲಿಗಿಂತ ಕೆಟ್ಟದು, ಕರಗೋದೂ ಇಲ್ಲ. ಹಸಿ ಕಸದ ಬುಟ್ಟಿಗೂ ಬೇಡ. ಅದನ್ನ ಮನುಷ್ಯರು ಕೈಯಲ್ಲಿ ಬೇರ್ಪಡಿಸ್ತಾರೆ, ಸೊಸೈಟಿಯ ಕಾಂಪೋಸ್ಟ್ ಗುಂಡಿಗೆ ಹುಳುವಿನ ಮೊಟ್ಟೆ ಸಾಯೋಷ್ಟು ಬಿಸಿ ಬರುತ್ತೆ ಅಂತ ನಂಬೋಕಾಗಲ್ಲ. ಮನೆಗೆ ತಂದು ಕಕ್ಕವನ್ನ ಮಾತ್ರ ಕಮೋಡಿಗೆ ಹಾಕಿ ಫ್ಲಶ್ ಮಾಡಿ. ಪೇಪರು, ಚೀಲ ಅದರೊಳಗೆ ಹಾಕಬೇಡಿ. ಅವನ್ನ ಸುತ್ತಿ, ಸ್ಯಾನಿಟರಿ ಪ್ಯಾಡ್ ಕೊಡೋ ಹಾಗೆ ಕೆಂಪು ಗುರುತು ಹಾಕಿ ಬೇರೆ ಕೊಡಿ. ಎತ್ತಿಕೊಳ್ಳೋರಿಗೆ ಬಿಚ್ಚದೆಯೇ ಒಳಗೇನಿದೆ ಅಂತ ಗೊತ್ತಾಗಬೇಕು.

ಉಚ್ಚೆಯ ವಿಷಯ. ಅದನ್ನ ಎತ್ತೋಕೆ ಆಗಲ್ಲ, ಆದರೆ ಎಲ್ಲಿ ಅಂತ ನೋಡಿಕೊಳ್ಳಬಹುದು. ಸ್ಕೂಟರ್ ಚಕ್ರ, ಅಂಗಡಿಯ ಶಟರ್, ಬಾಗಿಲ ಮುಂದಿನ ರಂಗೋಲಿ, ತುಳಸಿ ಕುಂಡ, ಬೆಳಿಗ್ಗೆ ತರಕಾರಿಯವರು ಗಾಡಿ ನಿಲ್ಲಿಸೋ ಜಾಗ, ಇಲ್ಲೆಲ್ಲ ಬೇಡ. ಒಂದು ಬಾಟಲಿ ನೀರು ಜೊತೆಗಿರಲಿ. ಮತ್ತೆ ಮೂರು ತಿಂಗಳಿಗೊಮ್ಮೆ ಹುಳದ ಔಷಧಿ, ಡಾಕ್ಟರು ಹೇಳಿದ ಲಸಿಕೆ ತಪ್ಪಿಸಬೇಡಿ. ನಾಯಿ ಆರೋಗ್ಯವಾಗಿದ್ರೆ ಅದರ ಕಕ್ಕದಿಂದಾಗೋ ಅಪಾಯವೂ ಕಡಿಮೆ.

ಕೊನೆಗೆ ನಮ್ಮ ಸೊಸೈಟಿಯಲ್ಲಿ ಏನಾಯ್ತು ಅಂತ ಹೇಳಿಬಿಡ್ತೀನಿ. ಮುಂದಿನ ಮೀಟಿಂಗ್‌ನಲ್ಲಿ ನಾನು ಎದ್ದು, ಆ ಮಾರ್ಗಸೂಚಿಯಲ್ಲಿ ಹಳದಿ ಬಳಿಯದೆ ಬಿಟ್ಟಿದ್ದ ಸಾಲನ್ನ ಓದಿದೆ. ಸೆಕ್ರೆಟರಿಯವರ ಕ್ಷಮೆ ಕೇಳಿದೆ. ಅವರು ನಕ್ಕು "ತಡವಾದರೂ ಪರವಾಗಿಲ್ಲ" ಅಂದ್ರು. ಮೂರು ವಿಷಯ ಒಪ್ಪಿಗೆ ಆಯ್ತು. ಗೇಟಿನ ಹತ್ತಿರ ಮುಚ್ಚಳ ಇರೋ ಬುಟ್ಟಿ ಮತ್ತು ಹಳೇ ಪೇಪರಿನ ಪೆಟ್ಟಿಗೆ. ಹೌಸ್‌ಕೀಪಿಂಗ್‌ನವರಿಗೆ ಉದ್ದ ಹಿಡಿಯ ಸಲಿಕೆ ಮತ್ತು ತಿಂಗಳು ತಿಂಗಳು ಕೈಗವಸು. ಬಿ ವಿಂಗ್ ಹಿಂದೆ ಒಂದು ನಲ್ಲಿ, ಸೋಪು. ಎಲ್ಲರೂ ಬದಲಾದರು ಅಂತ ಸುಳ್ಳು ಹೇಳಲ್ಲ. ಇವತ್ತಿಗೂ ಏಳೆಂಟು ಮನೆಯವರು ಮೊಬೈಲ್ ನೋಡ್ಕೊಂಡು ಮುಂದೆ ಹೋಗ್ತಾರೆ. ಅವರ ಮುಖ ನೋಡಿದ್ರೆ ನನಗೆ ನನ್ನದೇ ನೆನಪಾಗುತ್ತೆ, ಅದಕ್ಕೆ ಜಗಳ ಆಡಲ್ಲ. ಹತ್ತಿರ ಹೋಗಿ ಒಂದು ಹಾಳೆ ಪೇಪರ್ ಕೊಡ್ತೀನಿ. ಅರ್ಧ ಜನ ತಗೋತಾರೆ.

ಆ ಅಕ್ಕ ಇನ್ನೂ ನಮ್ಮಲ್ಲೇ ಇದ್ದಾರೆ. ಈಗ ಬೆಳಿಗ್ಗೆ ಚುಕ್ಕಿ ಅವರನ್ನ ಕಂಡ್ರೆ ಬಾಲ ಅಲ್ಲಾಡಿಸ್ಕೊಂಡು ಓಡ್ತಾಳೆ. ಅವರು "ಬಾರವ್ವಾ" ಅಂತಾರೆ. ಇವಳಿಗೆ ಕಲಬುರಗಿ ಕನ್ನಡವೂ ತಿಳಿಯುತ್ತೆ ಅಂತ ಆವಾಗ ಗೊತ್ತಾಯ್ತು.

ನಾಳೆ ಬೆಳಿಗ್ಗೆ ನಾಯಿ ಕರ್ಕೊಂಡು ಹೊರಡುವಾಗ ಜೇಬಲ್ಲಿ ಎರಡು ಹಾಳೆ ಪೇಪರ್ ಇಟ್ಕೊಳ್ಳಿ. ಒಂದು ನಿಮಗೆ, ಇನ್ನೊಂದು ಮರೆತು ಬಂದವರಿಗೆ. ಹಾಗೇ ದಾರಿ ಗುಡಿಸೋರ ಹತ್ತಿರ "ಯಾವ ಊರು?" ಅಂತ ಒಮ್ಮೆ ಕೇಳಿ ನೋಡಿ.